ಮೂರನೆಯ ಸೇತುವೆಯ ತನಕ

ಕೊಂಡ ಆಟ ಅರ್ಧಂಬರ್ಧ ಇದೆ ಎಂದು ಜನ ಸಾಲುಗಟ್ಟಿ ಬಂದು ಬೈಯುತ್ತಿದ್ದ ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆನೆಂದರೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ಆದರೂ ಹೇಳುತ್ತೇನೆ. ಅಂಗಡಿ ನನ್ನದು, ಬೈಸಿಕೊಂಡವನೂ ನಾನೇ.

ನನ್ನದು ವಿಡಿಯೋ ಗೇಮ್ ಅಂಗಡಿ. ಒಂದು ಕಾಲದಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಕ್ಕಳು ನನಗೆ ಸಿಡುಕಪ್ಪ ಎಂದು ಹೆಸರಿಟ್ಟಿದ್ದರು. ನನಗೆ ಕೇಳಿಸುವುದಿಲ್ಲ ಎಂದುಕೊಂಡು ನನ್ನೆದುರೇ ಕರೆಯುತ್ತಿದ್ದರು. ಈಗ ಆಟಗಳೆಲ್ಲ ಇಂಟರ್ನೆಟ್ಟಿನಲ್ಲಿ ನೇರವಾಗಿ ಮನೆಗೇ ಇಳಿಯುತ್ತವೆ. ಡಿಸ್ಕ್ ಕೇಳಿಕೊಂಡು ಬರುವವರೆಂದರೆ ಹಳೆ ಮಷೀನು ಇಟ್ಟುಕೊಂಡವರು, ಇಲ್ಲವೇ ಯಾರಿಗೋ ಉಡುಗೊರೆ ಕೊಡಬೇಕಾದವರು. ಎಡಗಡೆ ಬೀಗದ ಕೈ ಮಾಡುವವನ ಅಂಗಡಿ, ಬಲಗಡೆಯದು ಖಾಲಿ. ನಡುವೆ ನಾನು. ಗೋಡೆ ತುಂಬ ಡಿಸ್ಕುಗಳು, ಕೌಂಟರಿನ ಪಕ್ಕದಲ್ಲಿ ಒಂದು ಟಿವಿ, ಒಂದು ಗೇಮ್ ಮಷೀನು, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ನಾನು ಕೂರುತ್ತೇನೆ. ಇನ್ನೊಂದನ್ನು ದಿನಾ ಒರೆಸುತ್ತೇನೆ.

ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ನನ್ನ ಮೂಗು ಒರೆಸಿ ಬೆಳೆಸಿದವಳು ಅಕ್ಕನೇ. ಬೇರೆ ಊರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆಗಿದ್ದಾಳೆ. ದಿನಾ ಸಂಜೆ ನಾನು ಶಟರ್ ಎಳೆಯುವ ಹೊತ್ತಿಗೆ ಸರಿಯಾಗಿ ಅವಳ ಫೋನು ಬರುತ್ತದೆ.

“ಏನೋ, ಇವತ್ತು ಯಾರಾದ್ರೂ ಬಂದಿದ್ರಾ?”

“ಬಂದಿದ್ರು.”

“ಯಾರು?”

“ಪೋಸ್ಟ್‌ಮ್ಯಾನ್.”

“ಅವನೇನು ಗಿರಾಕಿನಾ?”

“ಒಳಗೆ ಬಂದ್ನಲ್ಲ.”

“ನಿನ್ನ ಮೊಂಡುತನಕ್ಕಿಷ್ಟು! ನೊಣ ಹೊಡ್ಕೊಂಡು ಕೂರೋಕೆ ಅಂಗಡಿ ಬೇರೆ ಬೇಕಾ ನಿಂಗೆ? ಇಲ್ಲಿ ಹಿಂದಿನ ರೂಮು ಖಾಲಿ ಬಿದ್ದಿದೆ. ಬಾಗಿಲು ಹಾಕ್ಕೊಂಡು ಬಾರೋ ಸುಮ್ನೆ.”

ಆ ಹಿಂದಿನ ರೂಮು ನನಗೆ ಗೊತ್ತು. ಕಾಲು ಮುರಿದುಕೊಂಡಾಗ ಒಮ್ಮೆ ಅಲ್ಲಿ ಇದ್ದು ಬಂದಿದ್ದೇನೆ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಹೊತ್ತು ಹೊತ್ತಿಗೆ ಊಟ ಬರುತ್ತಿತ್ತು. ಸೊಸೆ ಬಾಗಿಲ ಸಂದಿಯಿಂದ ತಲೆ ಹಾಕಿ “ಏನಾದ್ರೂ ಬೇಕಾ ಮಾವ?” ಎನ್ನುತ್ತಿದ್ದಳು; ನಾನು ಯೋಚಿಸಿ ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಮಕ್ಕಳು ಅಜ್ಜ ಎಂದು ಪ್ರೀತಿಯಿಂದಲೇ ಕರೆದು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಅಲ್ಲಿ ಯಾರಿಗೂ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಇಳಿಸಿಟ್ಟ ಸೂಟ್‌ಕೇಸಿನ ಹಾಗೆ ಇದ್ದೆ. ಖಾಲಿ ಅಂಗಡಿಯಲ್ಲಿ ಕೂತಾಗಲೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಅಂಗಡಿಯಲ್ಲಿ ಕೊನೇಪಕ್ಷ ಯಾರಾದರೂ ಬರಬಹುದು ಎಂಬ ಆಸೆಯಾದರೂ ಇರುತ್ತದೆ.

ಆದರೆ ಅಕ್ಕನ ಒತ್ತಾಯ ದಿನದಿಂದ ದಿನಕ್ಕೆ ಜಾಸ್ತಿಯಾಗಿ, ಕೊನೆಗೆ ನಾನು ಸೋತು ಒಂದು ಮಾತು ಕೊಟ್ಟೆ.

“ಬೆಳಗಿಂದ ಸಂಜೆ ತನಕ ಗಿರಾಕಿ ಅಂತ ಒಬ್ರೂ ಒಳಗೆ ಬರ್ದೇ ಇದ್ದ ದಿನ, ಬಾಗಿಲು ಹಾಕಿ ಬಂದ್ಬಿಡ್ತೀನಿ. ಸರಿನಾ?”

“ಪೋಸ್ಟ್‌ಮ್ಯಾನ್ ಲೆಕ್ಕಕ್ಕಿಲ್ಲ.”

“ಇಲ್ಲ.”

“ಪಕ್ಕದ ಬೀಗದವನೂ ಇಲ್ಲ.”

“ಆಯ್ತು ತಾಯಿ.”

ಸುಳ್ಳು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನನ್ನ ಅಕ್ಕನನ್ನು ನೋಡಿಲ್ಲ. ನಾನು ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಅವಳಿಗೆ ಸುಳ್ಳು ಗೊತ್ತಾಗಿಬಿಡುತ್ತದೆ. ಪೆನ್ಸಿಲ್ ಕದ್ದ ಕಾಲದಿಂದಲೂ ಹಾಗೇ.

ಈ ಮಾತು ಕೊಟ್ಟು ಹೆಚ್ಚು ದಿನವಾಗಿರಲಿಲ್ಲ, ‘ಏಳು ಸೇತುವೆ’ ಬಂತು. ಒಬ್ಬ ದಾರಿಹೋಕ ಏಳು ಸೇತುವೆ ದಾಟಿ ತನ್ನ ಮನೆ ಸೇರಬೇಕು, ಅಷ್ಟೇ ಆಟ. ಅದಕ್ಕೆ ವರ್ಷಗಟ್ಟಲೆ ಜಾಹೀರಾತು ಹಾಕಿದ್ದರು. ಆಟ ಎಷ್ಟು ದೊಡ್ಡದಿತ್ತೆಂದರೆ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಲು ಕಾದು ಕಾದು ಸಾಕಾಗುತ್ತಿತ್ತು. ಆದ್ದರಿಂದ ಜನ ಎಷ್ಟೋ ಕಾಲದ ಮೇಲೆ ನನ್ನ ಬಾಗಿಲಿಗೆ ಬಂದು ಡಿಸ್ಕ್ ಕೊಂಡರು. ಆ ವಾರ ನಾನು ಎರಡನೆಯ ಕುರ್ಚಿ ಒರೆಸುವುದನ್ನೂ ಮರೆತೆ. ತಂದಿಟ್ಟ ಡಿಸ್ಕೆಲ್ಲ ಖರ್ಚಾಗಿ, ಅಂಗಡಿ ಮತ್ತೆ ತಣ್ಣಗಾಯಿತು ಎಂದುಕೊಳ್ಳುವಷ್ಟರಲ್ಲಿ, ಕೊಂಡವರೆಲ್ಲ ಒಬ್ಬೊಬ್ಬರಾಗಿ ವಾಪಸ್ ಬರತೊಡಗಿದರು.

ಮೊದಲು ಬಂದವರು ಹಲ್ಲಿನ ಡಾಕ್ಟರು. ಬಂದವರೇ ಡಿಸ್ಕಿನ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದರು.

“ಏನ್ರೀ ಇದು? ಮೇಲೆ ಏಳು ಸೇತುವೆ ಅಂತ ಬರ್ದಿದೆ, ಒಳಗೆ ಎರಡೇ ಇರೋದು! ನಾನು ಎರಡು ಹಲ್ಲು ಕಟ್ಟಿ ಏಳು ಅಂತ ಹೇಳಿದ್ರೆ ಜನ ಸುಮ್ನೆ ಬಿಡ್ತಾರಾ?”

“ನಾನು ಕಟ್ಟಿದ್ದಲ್ಲ ಡಾಕ್ಟ್ರೇ. ಮಾರಿದ್ದು ಅಷ್ಟೇ.”

“ಎರಡೂ ಒಂದೇ!”

ಅವರ ಸಿಟ್ಟು ನ್ಯಾಯವಾದದ್ದೇ. ಆಟ ಅರೆಬೆಂದಿತ್ತು. ಕುದುರೆ ಬಾಲದಿಂದ ಹುಲ್ಲು ಮೇಯುತ್ತಿತ್ತು. ಪೇಟೆಯಲ್ಲಿ ನಿಂತ ಜನಕ್ಕೆ ಕಣ್ಣಿತ್ತು, ಹಲ್ಲಿತ್ತು, ಮುಖವೇ ಇರಲಿಲ್ಲ. ಹೋಟೆಲಿನವನು ಮಾತಾಡುವಾಗ ತುಟಿ ಅಲ್ಲಾಡುತ್ತಿರಲಿಲ್ಲ, ಸುಮ್ಮನಿದ್ದಾಗ ಅಲ್ಲಾಡುತ್ತಿತ್ತು. ಇದನ್ನೆಲ್ಲ ಜನ ನಕ್ಕು ಸಹಿಸಿಕೊಳ್ಳುತ್ತಿದ್ದರೋ ಏನೋ. ಸಹಿಸಲಾಗದ್ದು ಮೂರನೆಯ ಸೇತುವೆ. ದೂರದಿಂದ ನೋಡಿದರೆ ಸೇತುವೆ ಸೇತುವೆಯ ಹಾಗೇ ಇತ್ತು. ಕಾಲಿಟ್ಟರೆ ಕಾಲು ಅದರೊಳಗೆ ಇಳಿದು, ದಾರಿಹೋಕ ಹೊಳೆಯನ್ನೂ ದಾಟಿ ನೆಲದ ಕೆಳಗೆ ಬೀಳುತ್ತಿದ್ದ. ಸಾಯುತ್ತಲೂ ಇರಲಿಲ್ಲ, ಎಲ್ಲೂ ತಲುಪುತ್ತಲೂ ಇರಲಿಲ್ಲ. ಮಷೀನು ಆರಿಸುವ ತನಕ ಬೀಳುತ್ತಲೇ ಇರುತ್ತಿದ್ದ.

ವಾಪಸ್ ತೆಗೆದುಕೊಳ್ಳಲು ಕಂಪನಿ ನನಗೊಂದು ನಿಯಮ ಕಳಿಸಿತ್ತು. ಪ್ಯಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿಯದೆ ಹಾಗೇ ಇದ್ದರೆ, ತುಟಿ ಪಿಟಕ್ಕೆನ್ನದೆ ಕೂಡಲೇ ವಾಪಸ್ ಪಡೆಯಬೇಕು. ಹೊದಿಕೆ ಹರಿದಿದ್ದರೆ ಮಾತ್ರ ಅಂಗಡಿಯವನು ಆ ಡಿಸ್ಕನ್ನು ತನ್ನ ಮಷೀನಿಗೆ ಹಾಕಿ, ಗಿರಾಕಿಯ ಎದುರಿಗೆ ಆಡಿಸಿ, ದೋಷವನ್ನು ಕಣ್ಣಾರೆ ಕಂಡ ಮೇಲೆ ತೆಗೆದುಕೊಳ್ಳಬೇಕು. ಎಲ್ಲರೂ ಹರಿದವರೇ. ಆಟ ಕೊಂಡು ಹೊದಿಕೆ ಹರಿಯದೆ ಇಡುವವರು ಯಾರಿದ್ದಾರೆ? ಮೂರನೆಯ ಸೇತುವೆಯ ತನಕ ಹೋಗಲು ಒಂದು ಗಂಟೆಗೆ ಕಡಿಮೆಯಿಲ್ಲ. ಹಾಗಾಗಿ ಡಾಕ್ಟರನ್ನು ಆ ಒರೆಸಿಟ್ಟ ಕುರ್ಚಿಯಲ್ಲಿ ಕೂರಿಸಿದೆ.

ಮೊದಲನೆಯ ಸೇತುವೆಯ ತನಕ ಅವರು ಕಂಪನಿಯ ಏಳು ತಲೆಮಾರನ್ನು ಜಾಲಾಡಿದರು. ಎರಡನೆಯದರ ಹೊತ್ತಿಗೆ ಗಂಟಲು ಆರಿ ಮೆತ್ತಗಾದರು.

“ದಿನಾ ಎಷ್ಟೋ ಜನ ನನ್ನೆದುರು ಬಾಯಿ ತೆರೀತಾರೆ,” ಎಂದರು ಟಿವಿಯಿಂದ ಕಣ್ಣು ತೆಗೆಯದೆ. “ಒಬ್ರೂ ಮಾತಾಡಲ್ಲ ನೋಡಿ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ದಾರಿಹೋಕ ಬಿದ್ದ ಮೇಲೂ ಅವರು ಎದ್ದು ಹೋಗಲಿಲ್ಲ.

ಮರುದಿನ ಬಸ್ ಡ್ರೈವರ್ ಬಂದ, ಮೇಷ್ಟ್ರು ಬಂದರು, ಇನ್ನೂ ಯಾರುಯಾರೋ ಬಂದರು. ಮೇಷ್ಟ್ರು ಬುದ್ಧಿವಂತರು. ನಾಲ್ಕು ಜನರ ಸಾಲು ನೋಡಿದವರೇ ಕನ್ನಡಕ ಏರಿಸಿ ಕೇಳಿದರು.

“ಅಲ್ಲಾ ಸ್ವಾಮಿ, ಎಲ್ಲಾ ಡಿಸ್ಕಲ್ಲೂ ಅದೇ ಆಟ, ಅದೇ ದೋಷ. ಒಬ್ಬರದ್ದು ನೋಡಿದ್ರೆ ಸಾಕಲ್ವಾ? ಎಲ್ಲರದ್ದೂ ಯಾಕೆ ಆಡಿಸ್ತಾ ಕೂತಿದ್ದೀರಿ?”

“ನಿಯಮ ಮೇಷ್ಟ್ರೇ. ನಾನೇನ್ ಮಾಡ್ಲಿ?”

ಅವರು ಹೇಳಿದ್ದೇ ಸರಿ. ಕಂಪನಿಗೆ ಒಂದು ಫೋನು ಮಾಡಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ನಾನು ಮಾಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಕುರ್ಚಿ ತುಂಬಿತ್ತು. ನಿಯಮವನ್ನು ಅಕ್ಷರ ಬಿಡದೆ ಪಾಲಿಸುವ ಹಟ ನನಗೆ ಅಲ್ಲಿಯ ತನಕ ಯಾವತ್ತೂ ಬಂದಿರಲಿಲ್ಲ.

ಕುರ್ಚಿ ಸಾಲದೆ ಬೀಗದವನಿಂದ ಸ್ಟೂಲು ತಂದೆ. ತಮ್ಮ ಸರದಿ ಮುಗಿದವರೂ ಬೇರೆಯವರ ಸರದಿ ನೋಡಲು ಉಳಿಯತೊಡಗಿದರು. ಬಸ್ ಡ್ರೈವರ್ ಅಂತೂ ಡ್ಯೂಟಿ ಮುಗಿಸಿ ದಿನಾ ಬರುತ್ತಿದ್ದ. “ಇಡೀ ದಿನ ಜನರನ್ನ ಹೊತ್ಕೊಂಡು ತಿರುಗ್ತೀನಿ ಸಾರ್, ಎಲ್ರೂ ನನ್ನ ಬೆನ್ನೇ ನೋಡೋದು,” ಎನ್ನುತ್ತಿದ್ದ. ಕಂಪನಿಯನ್ನು ಬೈಯುವುದರಲ್ಲಿ ಅವರವರದೇ ಶೈಲಿ. ಡಾಕ್ಟರು ಕೂಗುತ್ತಿದ್ದರು, ಮೇಷ್ಟ್ರು ಫೋನಿನಲ್ಲಿ ಉದ್ದುದ್ದ ಬರೆದು ನಮಗೆ ಓದಿ ಹೇಳುತ್ತಿದ್ದರು, ಡ್ರೈವರ್ ಕೇಳಬಾರದ ಶಬ್ದ ಬಳಸುತ್ತಿದ್ದ. ಮೂರನೆಯ ಸೇತುವೆ ಬಂದೊಡನೆ ಮಾತ್ರ ಎಲ್ಲರೂ ಬಾಯಿ ಮುಚ್ಚಿ ಮುಂದಕ್ಕೆ ಬಾಗುತ್ತಿದ್ದರು. ದಾರಿಹೋಕ ಕಾಲಿಟ್ಟ ಕೂಡಲೇ ಒಕ್ಕೊರಲಿನಿಂದ “ಹೋದಾ!” ಎಂದು ಕೂಗು.

ಅಂಥ ಒಂದು ಕೂಗಿನ ನಡುವೆ ಅಕ್ಕನ ಫೋನು ಬಂತು.

“ಏನೋ ಅದು ಗಲಾಟೆ?”

“ಗಿರಾಕಿಗಳು.”

“ಟಿವಿ ಹಾಕ್ಕೊಂಡಿದ್ದೀಯ.”

ನಾನು ಫೋನನ್ನು ಅವರತ್ತ ಹಿಡಿದೆ. “ನಮ್ಮಕ್ಕ ನಂಬ್ತಾ ಇಲ್ಲ, ಸ್ವಲ್ಪ ಬೈರಿ,” ಎಂದೆ. ಎಲ್ಲರೂ ಸೇರಿ ನನ್ನನ್ನೂ ಕಂಪನಿಯನ್ನೂ ಚೆನ್ನಾಗಿ ಬೈದರು. ಅಕ್ಕ, “ಊಟ ಮಾಡೋಕಾದ್ರೂ ಪುರುಸೊತ್ತು ಇದೆಯೇನೋ?” ಎಂದು ಕೇಳಿದಳು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಈ ಗುಂಪಿನಲ್ಲಿ ಒಬ್ಬನನ್ನು ಕಂಡರೆ ಮಾತ್ರ ನನಗೆ ಕಿರಿಕಿರಿ. ಲಿಫ್ಟ್ ರಿಪೇರಿಯವನು. ನನ್ನದೇ ವಯಸ್ಸು ಇರಬಹುದು, ಇನ್ನೇನು ಕೆಲಸದಿಂದ ನಿವೃತ್ತಿಯಾಗುವ ಹಾಗಿದ್ದ. ಬೂದು ಬಣ್ಣದ ಅಂಗಿ, ತೋಳಿನ ಮೇಲೆ ಗ್ರೀಸಿನ ಕಲೆ, ಕೈಯಲ್ಲೊಂದು ಬಟ್ಟೆಚೀಲ. ಬಂದು ಕೊನೆಯ ಸ್ಟೂಲಿನಲ್ಲಿ ಕೂರುತ್ತಿದ್ದ. ತನ್ನ ಸರದಿ ಬಂದಾಗ ಚೀಲವನ್ನು ಮಡಿಲಿಗೆ ಒತ್ತಿಕೊಂಡು, “ಪರ್ವಾಗಿಲ್ಲ, ಅವರದ್ದು ನೋಡಿ ಮೊದ್ಲು. ನಂಗೇನೂ ಅವಸರ ಇಲ್ಲ,” ಎನ್ನುತ್ತಿದ್ದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಅತಿ ಒಳ್ಳೆಯವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

“ನಿಮ್ದು ಎಲ್ಲಿಗೆ ನಿಂತಿದೆ ಯಜಮಾನ್ರೇ?” ಎಂದು ಒಮ್ಮೆ ಗದರಿಸಿಯೇ ಕೇಳಿದೆ.

“ಎಲ್ಲರದ್ದೂ ನಿಂತಲ್ಲೇ,” ಎಂದ.

ಇನ್ನೊಮ್ಮೆ ಡ್ರೈವರ್ ಫೋನಿನಲ್ಲಿ ಮಾತಾಡಲು ಎದ್ದು ಹೋಗುವಾಗ ಆಟ ಆಡಿಸುವ ಕಂಟ್ರೋಲರನ್ನು ಇವನ ಕೈಗೆ ತುರುಕಿದ. ಇವನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡ. ಡ್ರೈವರ್ ವಾಪಸ್ ಬರುವ ತನಕ ದಾರಿಹೋಕ ಒಂದು ಗೋಡೆಗೆ ಮುಖ ಒತ್ತಿಕೊಂಡು ನಡೆಯುತ್ತಲೇ ಇದ್ದ. ಎಲ್ಲರೂ ನಕ್ಕರು, ಅವನೂ ಕಿವಿ ಕೆಂಪಾಗುವಷ್ಟು ನಕ್ಕ. ಇಷ್ಟು ದಿನ ಆಡಿಯೂ ಕಲಿತಿಲ್ಲವಲ್ಲ ಎಂದುಕೊಂಡು ನಾನು ಆ ವಿಷಯ ಬಿಟ್ಟುಬಿಟ್ಟೆ.

ಅವನಿಗೆ ಆಟದಲ್ಲಿ ಇಷ್ಟವಾದದ್ದು ಬೀಳುವುದೊಂದೇ. ಬೇರೆಯವರು “ಹೋದಾ!” ಎಂದು ಕೂಗಿ ಮಷೀನು ಆರಿಸಲು ಹೋದರೆ ಅವನು ಕೈ ಅಡ್ಡ ಹಿಡಿಯುತ್ತಿದ್ದ. “ಸ್ವಲ್ಪ ಇರ್ಲಿ, ಆರಿಸ್ಬೇಡಿ.” ಬೀಳುತ್ತ ಬೀಳುತ್ತ ಮೇಲೆ ನೋಡಿದರೆ ಇಡೀ ಊರು ತಳದಿಂದ ಕಾಣುತ್ತಿತ್ತು. ಮನೆಗಳಿಗೆ ನೆಲವಿಲ್ಲ, ಮರಗಳಿಗೆ ಬೇರಿಲ್ಲ, ಮುಖವಿಲ್ಲದ ಜನರ ಅಂಗಾಲು ಮಾತ್ರ ಓಡಾಡುತ್ತಿತ್ತು.

“ನಾನು ದಿನಾ ನೋಡೋದು ಹೀಗೇ,” ಎಂದ ಅವನು ಒಂದು ಸಲ. “ಲಿಫ್ಟಿನ ಕೆಳಗಿರೋ ಗುಂಡೀಲಿ ನಿಂತು ಮೇಲೆ ನೋಡಿದ್ರೆ ಕಟ್ಟಡ ಪೂರ್ತಿ ಹೀಗೇ ಕಾಣ್ಸುತ್ತೆ. ಮೇಲೆ ಜನ ಹತ್ತೋದು, ಇಳಿಯೋದು, ಮಾತಾಡೋದು ಎಲ್ಲಾ ಕೇಳ್ಸುತ್ತೆ. ಕೆಳಗೆ ನಾನಿದ್ದೀನಿ ಅಂತ ಅವರಿಗೆ ಗೊತ್ತಿರಲ್ಲ.”

ಡ್ರೈವರ್, “ಹಾಗಾದ್ರೆ ಇನ್ಮೇಲೆ ಲಿಫ್ಟಲ್ಲಿ ನಾನು ಬಾಸ್‌ನ ಬೈಯಲ್ಲಪ್ಪ,” ಎಂದ. ಮತ್ತೆ ನಗು. ಈ ಆಟ ತನ್ನ ಮೊಮ್ಮಗಳು ಕೇಳಿದ್ದು, ಅವಳು ದೂರದಲ್ಲಿದ್ದಾಳೆ, ರಜೆಗೆ ಬಂದಾಗ ಜೊತೆಯಲ್ಲಿ ಆಡೋಣ ಎಂದು ಕೊಂಡದ್ದು ಎಂದು ಅವನು ಹೇಳಿದ್ದೂ ಅವತ್ತೇ ಇರಬೇಕು. ನನ್ನ ಗಮನ ಟಿವಿಯ ಮೇಲಿತ್ತು.

ಹೀಗೇ ನಡೆದುಕೊಂಡು ಹೋಗಲಿ ಎಂದು ಮನಸ್ಸಿನಲ್ಲೇ ಆಸೆಪಟ್ಟೆ. ಕಂಪನಿಯವರು ಸೋಮಾರಿಗಳಾಗಿರಲಿ, ಅವರ ಇಂಜಿನಿಯರುಗಳಿಗೆ ತಲೆ ಓಡದಿರಲಿ ಎಂದು ಬಯಸಿದೆ. ನನ್ನ ಬಯಕೆಗೆ ಕಿಮ್ಮತ್ತು ಎಲ್ಲಿ? ಒಂದು ದಿನ ಬಸ್ ಡ್ರೈವರ್ ಬಂದು ಒಳಗೆ ಕೂರದೆ ಬಾಗಿಲಲ್ಲೇ ನಿಂತ. ಮುಖ ಅರಳಿತ್ತು.

“ಸಾರ್, ಸೇತುವೆ ಕಟ್ಟಿದ್ರು! ರಾತ್ರಿ ಅಪ್‌ಡೇಟ್ ಬಂತು. ವಾಪಸ್ ಕೊಟ್ಟಿದ್ದನ್ನೇ ಇಂಟರ್ನೆಟ್ಟಲ್ಲಿ ಮತ್ತೆ ಕೊಂಡು, ಕಾದು ಕಾದು ಇಳಿಸ್ಕೊಂಡೆ. ಮೂರನೇದು, ನಾಲ್ಕನೇದು ಎರಡೂ ದಾಟ್ಬಿಟ್ಟೆ. ಜನಕ್ಕೆ ಮುಖಾನೂ ಬಂದಿದೆ!”

“ಹೌದಾ? ಒಳ್ಳೇದಾಯ್ತಲ್ಲ,” ಎಂದೆ.

“ನೀವೂ ಹಾಕ್ಕೊಳ್ಳಿ ಇಲ್ಲಿ.”

“ಇಲ್ಲಿ ಇಂಟರ್ನೆಟ್ ಎಲ್ಲಿದೆ? ಯಾವತ್ತೋ ತೆಗೆಸಿ ಹಾಕ್ದೆ.”

“ಅಯ್ಯೋ! ಹಾಗಾದ್ರೆ ನಿಮ್ಮ ದಾರಿಹೋಕ ಇನ್ನೂ ಬೀಳ್ತಾನೇ ಇರ್ತಾನೆ ಬಿಡಿ,” ಎಂದು ನಗುತ್ತ ಹೋದ. ಅವನಿಗೆ ಆಡಬೇಕಾದ ಆಟ ಮನೆಯಲ್ಲಿ ಕಾಯುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಒಂದು ಕಾರಣವೂ ಸಿಗಲಿಲ್ಲ, ಆದರೂ ಮಾಡಿಕೊಂಡೆ.

ಡಾಕ್ಟರು ಬರಲಿಲ್ಲ. ಮೇಷ್ಟ್ರು ಒಂದು ದಿನ ರಸ್ತೆಯ ಆಚೆ ಬದಿಯಿಂದ ಕೈ ಬೀಸಿ, “ಐದನೇದ್ರಲ್ಲಿದ್ದೀನಿ!” ಎಂದು ಕೂಗಿ ನಡೆದರು. ಬಾಯಿಗೆ ಬಂದಂತೆ ಬೈದವರೆಲ್ಲ ಆಟವನ್ನು ಮತ್ತೆ ಇಳಿಸಿಕೊಂಡು ಈಗ ಅದೇ ಬಾಯಲ್ಲಿ ಹೊಗಳುತ್ತಿದ್ದಾರಂತೆ, ಇಂಥ ಆಟ ಹುಟ್ಟಿಯೇ ಇಲ್ಲ ಎನ್ನುತ್ತಿದ್ದಾರಂತೆ. ಇದನ್ನು ಹೇಳಿದವನು ಬೀಗದವನು, ಸ್ಟೂಲುಗಳನ್ನು ವಾಪಸ್ ತೆಗೆದುಕೊಂಡು ಹೋಗಲು ಬಂದಾಗ. ಅವನು ಹೋದ ಮೇಲೆ ನಾನು ಎರಡನೆಯ ಕುರ್ಚಿಯನ್ನು ಒರೆಸಿದೆ. ಒರೆಸುತ್ತ ಅಳು ಬಂತು. ಯಾರೋ ಎಲ್ಲೋ ಕೂತು ಒಂದು ಸೇತುವೆ ಸರಿಮಾಡಿದರೆ ಅರವತ್ತರ ಹತ್ತಿರದ ಗಂಡಸು ಅಳುತ್ತಾನೆಯೇ? ಅತ್ತೆ. ಆಮೇಲೆ ಕಂಪನಿಯನ್ನು ಬೈದೆ, ಡ್ರೈವರನಿಂದ ಕಲಿತ ಎಲ್ಲ ಶಬ್ದಗಳನ್ನೂ ಬಳಸಿ. ಕೇಳಿ ನಗುವವರು ಯಾರೂ ಇರಲಿಲ್ಲವಾದ್ದರಿಂದ ಅದರಲ್ಲಿ ರುಚಿ ಹತ್ತಲಿಲ್ಲ.

ಮತ್ತೆ ಅಕ್ಕನ ಫೋನು ಭಯ ಹುಟ್ಟಿಸತೊಡಗಿತು. ಒಂದು ದಿನ ಒಬ್ಬ ಚಾರ್ಜರ್ ಇದೆಯೇ ಎಂದು ಕೇಳಿ ಇಲ್ಲವೆನ್ನಿಸಿಕೊಂಡು ಹೋದ. ಅದನ್ನು ಲೆಕ್ಕಕ್ಕೆ ಹಿಡಿದೆವು. ಇನ್ನೊಂದು ದಿನ ಯಾರೋ ಹೆಂಗಸು ವಿಳಾಸ ಕೇಳಲು ಬಂದಳು. ವಿಳಾಸ ಕೇಳುವವರು ಗಿರಾಕಿಯಲ್ಲ ಎಂದು ಅಕ್ಕ ತಗಾದೆ ತೆಗೆಯುತ್ತಾಳೆ ಎಂದು ಗೊತ್ತಿದ್ದರಿಂದ, ಅವಳಿಗೆ ದಾರಿ ಹೇಳುವ ಮೊದಲು ಒಂದು ಜೊತೆ ಬ್ಯಾಟರಿ ಮಾರಿದೆ. ಪಾಪ, ಅವಳು ಯಾಕೆ ಕೊಂಡಳೋ.

ಲಿಫ್ಟಿನವನೂ ಬರಲಿಲ್ಲ. ಅವನು ಬಾರದ್ದು ನನಗೆ ಡಾಕ್ಟರು ಬಾರದ್ದಕ್ಕಿಂತ ಹೆಚ್ಚು ಚುಚ್ಚಿತು. ಇದೇಕೆ ಎಂದು ನನಗೇ ಆಶ್ಚರ್ಯ. ಬಹುಶಃ ಮಷೀನಿನಲ್ಲಿ ಆ ದಾರಿಹೋಕ ಇನ್ನೂ ಬೀಳುತ್ತಿದ್ದುದರಿಂದ ಇರಬಹುದು. ಮಧ್ಯಾಹ್ನ ಹೊತ್ತು ಹೋಗದಿದ್ದಾಗ ನಾನೊಬ್ಬನೇ ಆಡಿ ಮೂರನೆಯ ಸೇತುವೆಯ ತನಕ ಹೋಗುತ್ತಿದ್ದೆ. “ಹೋದಾ” ಎಂದು ನಾನೊಬ್ಬನೇ ಹೇಳಿದರೆ ಅದು ಕೂಗಿನ ಹಾಗೆ ಕೇಳಿಸುತ್ತಿರಲಿಲ್ಲ.

ಕಂಪನಿಯಿಂದ ಕೊನೆಯ ಸೂಚನೆ ಬಂತು. ಆಟ ಸರಿಹೋಗಿರುವುದರಿಂದ ತಿಂಗಳ ಕೊನೆಯ ದಿನಕ್ಕೆ ವಾಪಸ್ ಪಡೆಯುವುದು ಬಂದ್. ಅದನ್ನು ಬಾಗಿಲಿಗೆ ಅಂಟಿಸಿದೆ.

ಆ ಕೊನೆಯ ದಿನ ಬೆಳಿಗ್ಗೆಯಿಂದ ಯಾರೂ ಬರಲಿಲ್ಲ. ಬಿಸಿಲು ಕೌಂಟರಿನ ಮೇಲೆ ಬಿದ್ದು, ನೆಲಕ್ಕಿಳಿದು, ಗೋಡೆ ಹತ್ತಿತು. ಪೋಸ್ಟ್‌ಮ್ಯಾನ್ ಕೂಡ ಬರಲಿಲ್ಲ, ಬಂದಿದ್ದರೂ ಲೆಕ್ಕಕ್ಕಿರಲಿಲ್ಲ. ಸಂಜೆ ಹೊರಗಿನ ಬೋರ್ಡನ್ನು ಒಳಗೆ ತಂದಿಟ್ಟೆ. ಅಕ್ಕನಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಕೊಟ್ಟ ಮಾತು ಕೊಟ್ಟದ್ದೇ. ಆ ಹಿಂದಿನ ರೂಮಿಗೆ ಈ ಕುರ್ಚಿಗಳಲ್ಲಿ ಒಂದನ್ನಾದರೂ ಒಯ್ಯಬಹುದೇ, ಒಯ್ದರೆ ಯಾವುದನ್ನು ಎಂದು ಯೋಚಿಸುತ್ತ ನಿಂತಿದ್ದೆ.

“ಮುಚ್ಚಿಬಿಟ್ರಾ?” ಎಂದಿತು ಬಾಗಿಲಿನಿಂದ ಒಂದು ಧ್ವನಿ.

ಲಿಫ್ಟಿನವನು. ಅದೇ ಬೂದು ಅಂಗಿ, ಅದೇ ಚೀಲ. ಬಾಗಿಲಿಗೆ ಅಂಟಿಸಿದ ಸೂಚನೆಯನ್ನು ಬೆರಳಿನಿಂದ ತೋರಿಸಿ, “ಇವತ್ತೇ ಕೊನೆ ಅಂತೆ?” ಎಂದ.

ಸಂತೋಷಕ್ಕೆ ಸಿಡುಕಿಬಿಟ್ಟೆ. “ಇಷ್ಟು ದಿನ ಎಲ್ಲಿ ಹೋಗಿದ್ರಿ? ಎಲ್ಲರಿಗೂ ದಾರಿ ಬಿಟ್ಟುಕೊಟ್ಟು ಈಗ ಶಟರ್ ಎಳೆಯೋ ಹೊತ್ತಿಗೆ ಬರ್ತೀರಲ್ಲ. ಎಲ್ಲಿ, ಕೊಡಿ ಇಲ್ಲಿ.”

ಈ ಸಲ ಅವನ ಹಿಂದೆ ಯಾರೂ ಇರಲಿಲ್ಲ, ಸರದಿ ಬಿಟ್ಟುಕೊಡಲು. ಅವನು ಚೀಲಕ್ಕೆ ಕೈ ಹಾಕಿ, ಪ್ಯಾಕೆಟ್ ತೆಗೆದು, ಒಂದು ಕ್ಷಣ ತನ್ನ ಎದೆಯ ಹತ್ತಿರವೇ ಹಿಡಿದುಕೊಂಡು, ಆಮೇಲೆ ಕೌಂಟರಿನ ಮೇಲೆ ಇಟ್ಟ.

ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ. ನಾನು ಅದನ್ನು ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿ ನೋಡಿದೆ. ಅಷ್ಟು ದಿನ ಆ ಚೀಲವನ್ನು ಮಡಿಲಿಗೆ ಒತ್ತಿಕೊಂಡು ಕೂತದ್ದು, ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದದ್ದು, ಎಲ್ಲರದ್ದೂ ನಿಂತಲ್ಲೇ ಎಂದದ್ದು, ಎಲ್ಲವೂ ಒಟ್ಟಿಗೆ ನೆನಪಾಯಿತು.

“ನಿಮ್ಮನೇಲಿ ಮಷೀನು ಇದೆಯಾ?” ಎಂದು ಕೇಳಿದೆ.

“ಇಲ್ಲ,” ಎಂದ. ಖಾಲಿ ಚೀಲವನ್ನು ಮಡಚುತ್ತ ತಾನೇ ಮುಂದುವರಿಸಿದ. “ಮೊಮ್ಮಗಳು ತನ್ನ ಮಷೀನು ತರ್ತೀನಿ ಅಂದಿದ್ಲು. ಕೊಂಡ ಮೇಲೆ ಫೋನ್ ಮಾಡಿದ್ರೆ, ಅದ್ರಲ್ಲಿ ಡಿಸ್ಕ್ ಹಾಕೋ ಜಾಗಾನೇ ಇಲ್ವಂತೆ. ನಕ್ಕಳು. ಈ ರಜಕ್ಕೆ ಬರೋಕೂ ಆಗಲ್ಲ ಅಂದ್ಲು. ಸರಿ, ವಾಪಸ್ ಕೊಟ್ಬಿಡೋಣ ಅಂತ ಬಂದೆ ಇಲ್ಲಿಗೆ. ನೋಡಿದ್ರೆ ಎಲ್ರೂ ಕೂತಿದ್ರು. ಸ್ಟೂಲು ಎಳೆದು ಕೂತ್ಕೊಳ್ರೀ ಅಂತ ಗದರಿದ್ರು. ಕೂತ್ಕೊಂಡೆ.”

“ಯಾರು ಗದರಿದ್ದು?”

“ನೀವೇ.”

ನನಗೆ ನೆನಪಿರಲಿಲ್ಲ.

“ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ,” ಎಂದ. “ಹೇಳಿದ್ರೆ ಅವತ್ತೇ ವಾಪಸ್ ತಗೊಂಡು ಕಳಿಸ್ಬಿಡ್ತಿದ್ರಲ್ಲ. ನಿಯಮ ಗೋಡೆ ಮೇಲೆ ಬರ್ದು ಹಾಕಿದ್ದೀರಿ, ಮೊದ್ಲನೇ ದಿನವೇ ಓದಿದ್ದೆ.”

ಹೌದು, ಹರಿಯದ ಪ್ಯಾಕೆಟ್ಟಿನ ನಿಯಮ ನನ್ನ ಬೆನ್ನ ಹಿಂದೆಯೇ ಅಂಟಿಸಿತ್ತು. ಈಗ ನಾನು ಮಾಡಬೇಕಾದದ್ದು ಅಷ್ಟೇ: ಪ್ಯಾಕೆಟ್ ತೆಗೆದುಕೊಂಡು, ಅವನಿಗೆ ಕೊಡಬೇಕಾದ್ದನ್ನು ಕೊಟ್ಟು, ಹೋಗಿಬನ್ನಿ ಎನ್ನುವುದು. ಅಕ್ಕನಿಗೆ ಇವತ್ತು ಒಬ್ಬ ಗಿರಾಕಿ ಬಂದಿದ್ದ ಎಂದು ಸುಳ್ಳಿಲ್ಲದೆ ಹೇಳಬಹುದಿತ್ತು. ಇವತ್ತಿನದು ಪಾರಾಗುತ್ತಿತ್ತು. ನಾಳೆ? ಈ ಮನುಷ್ಯನಿಗೆ ನಾಳೆ ಇಲ್ಲಿಗೆ ಬರಲು ಯಾವ ನೆಪವೂ ಉಳಿಯುತ್ತಿರಲಿಲ್ಲ. ನೆಪವಿಲ್ಲದೆ ಬರುವವನಲ್ಲ ಅವನು. ಬನ್ನಿ ಎಂದು ಬಾಯಿಬಿಟ್ಟು ಕರೆಯುವವನಲ್ಲ ನಾನು. ನಮ್ಮಿಬ್ಬರದೂ ಒಂದೇ ರೋಗ.

ಪ್ಯಾಕೆಟ್ಟನ್ನು ಕೌಂಟರಿನ ಮೇಲೆ ಅವನ ಕಡೆಗೇ ತಳ್ಳಿದೆ.

“ನೋಡಿ ಯಜಮಾನ್ರೇ,” ಎಂದೆ, ಆದಷ್ಟು ಸಿಡುಕಿನಿಂದ. “ನಿಯಮ ಹೇಳ್ಬಿಡ್ತೀನಿ. ಹೀಗೇ ಕೊಟ್ರೆ ಈಗ್ಲೇ ವಾಪಸ್, ನೀವು ಮನೆಗೆ ಹೋಗ್ಬಹುದು. ಹೊದಿಕೆ ಹರಿದಿದ್ರೆ ಪರೀಕ್ಷೆ ಮಾಡ್ಬೇಕು. ಕೂತು ಆಡ್ಬೇಕು. ಇವತ್ತು ಹೊತ್ತಾಯ್ತು, ಮುಗಿಯಲ್ಲ, ನಾಳೇನೂ ಬರ್ಬೇಕಾಗುತ್ತೆ. ನಿಮ್ಮ ಕೈ ಬೇರೆ ನಿಧಾನ, ಎಷ್ಟು ದಿನ ಹಿಡಿಯುತ್ತೋ. ಅಷ್ಟರಲ್ಲಿ ಕಂಪನಿ ಬಂದ್ ಮಾಡಿರುತ್ತೆ, ಏನೂ ವಾಪಸ್ ಸಿಗಲ್ಲ. ಈ ಮಷೀನಲ್ಲಿ ಸೇತುವೆಯಂತೂ ಯಾವತ್ತೂ ಆಗಲ್ಲ.”

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಾರದೆ ಒರೆಸುವ ಬಟ್ಟೆಯನ್ನು ಹುಡುಕುವವನ ಹಾಗೆ ಅತ್ತಿತ್ತ ತಡಕಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬದುಕಿನಲ್ಲಿ ಮೊದಲ ಸಲ ಅಕ್ಕನ ಫೋನು ಸರಿಯಾದ ಹೊತ್ತಿಗೆ ಬಂತು ಅನ್ನಿಸಿತು. ಅವನಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಎತ್ತಿಕೊಂಡೆ.

“ಏನೋ,” ಎಂದಳು ಅಕ್ಕ. “ಇವತ್ತು ಯಾರಾದ್ರೂ ಬಂದಿದ್ರಾ?”

ಉಸಿರು ಬಿಗಿಹಿಡಿದು ಕಿವಿಯನ್ನು ಹಿಂದಕ್ಕೆ ಕೊಟ್ಟಿದ್ದೆ. ಹೆಜ್ಜೆ ಸದ್ದು ಬಾಗಿಲ ಕಡೆ ಹೋಗುತ್ತದೆಯೇ ಎಂದು ಕಾದೆ.

“ಲೋ, ಕೇಳಿಸ್ತಾ ಇದೆಯಾ? ಯಾರೂ ಬರ್ಲಿಲ್ವಾ ಇವತ್ತು? ಹೇಳು ಪರ್ವಾಗಿಲ್ಲ.”

ಹಿಂದಿನಿಂದ ಪ್ಲಾಸ್ಟಿಕ್ ಹರಿಯುವ ಸದ್ದು ಬಂತು. ಒಂದೇ ಏಟಿಗೆ ಹರಿಯಲಿಲ್ಲ. ಆ ತೆಳು ಹೊದಿಕೆಗೆ ಉಗುರು ಸಿಗುವುದು ಕಷ್ಟ, ರೂಢಿ ಇಲ್ಲದವರಿಗೆ ಇನ್ನೂ ಕಷ್ಟ. ಪರಪರ ಎಂದಿತು, ನಿಂತಿತು, ಮತ್ತೆ ಪರಪರ ಎಂದಿತು. ಆಮೇಲೆ ಎರಡನೆಯ ಕುರ್ಚಿಯನ್ನು ಎಳೆದ ಸದ್ದು.

“ಏನೋ ಅದು?” ಎಂದಳು ಅಕ್ಕ.

“ಗಿರಾಕಿ,” ಎಂದೆ. “ಆಟ ಕೆಟ್ಟಿದೆಯಂತೆ. ನೋಡ್ಬೇಕು ಅಕ್ಕ, ಅವರು ಕೂತಿದಾರೆ. ನಾಳೆ ಮಾತಾಡೋಣ.”